ಜಪಸರ: ಮಣಿ, ಪ್ರಾರ್ಥನೆ ಮತ್ತು ಧರ್ಮಕೇಂದ್ರದ ಬದುಕು

2025ರ ಫೆಬ್ರುವರಿ 14ರಂದು ಪೋಪ್ ಫ್ರಾನ್ಸಿಸ್ ರೋಮ್‌ನ ಜೆಮೆಲ್ಲಿ ಆಸ್ಪತ್ರೆ ಸೇರಿದರು. 24ರ ರಾತ್ರಿಯಿಂದ ಸಂತ ಪೇತ್ರರ ಚೌಕದಲ್ಲಿ ಜನ ಸೇರತೊಡಗಿದರು. ಕೈಯಲ್ಲಿ ಜಪಸರವೆಂಬ ಮಣಿಗಳ ಸರ, ಬಾಯಲ್ಲಿ ಒಂದೇ ಪ್ರಾರ್ಥನೆ, ಮತ್ತೆ ಮತ್ತೆ. ಮಾರ್ಚ್ 6ರಂದು ಆ ಪ್ರಾರ್ಥನೆ ಶುರುವಾಗುವ ಮುನ್ನ ಫ್ರಾನ್ಸಿಸ್ ಆಸ್ಪತ್ರೆಯಿಂದ ಕಳಿಸಿದ ಕ್ಷೀಣ ದನಿಯ ಧನ್ಯವಾದವನ್ನು ಚೌಕದಲ್ಲಿ ಕೇಳಿಸಲಾಯಿತು. ಏಪ್ರಿಲ್ 21ರಂದು ಅವರು ತೀರಿಕೊಂಡರು. ಶವಪೆಟ್ಟಿಗೆಯಲ್ಲಿ ಮಲಗಿದ್ದ ಅವರ ಕೈಯಲ್ಲೂ ಅಂಥದೇ ಒಂದು ಸರವಿತ್ತು. ಮೇ 8ರಂದು ಆಯ್ಕೆಯಾದ ಹದಿನಾಲ್ಕನೇ ಲಿಯೋ ಬಾಲ್ಕನಿಗೆ ಬಂದು ಮೊದಲ ಮಾತಾಡಿದಾಗ, ಕೊನೆಗೆ ಜನರೊಂದಿಗೆ ಹೇಳಿದ್ದು ಆ ಸರದ ಮೇಲೆ ಹೇಳುವ ಪ್ರಾರ್ಥನೆಯನ್ನೇ. ಆ ವರ್ಷದ ಅಕ್ಟೋಬರ್ ತಿಂಗಳಿಡೀ ಶಾಂತಿಗಾಗಿ ದಿನವೂ ಜಪಸರ ಮಾಡಿ ಎಂದೂ ಅವರು ಕೇಳಿಕೊಂಡರು.

ಇದನ್ನೆಲ್ಲ ಟಿವಿಯಲ್ಲೋ ಫೋನಿನಲ್ಲೋ ನೋಡಿದವರಿಗೆ ಸಹಜವಾಗಿಯೇ ಕೆಲವು ಪ್ರಶ್ನೆಗಳು ಎದ್ದಿರುತ್ತವೆ. ಆ ಮಣಿಗಳಿಗೆ ಏನಾದರೂ ಲೆಕ್ಕವಿದೆಯೇ? ಒಂದೇ ಮಾತನ್ನು ಐವತ್ತು ಸಲ ಯಾಕೆ ಹೇಳುತ್ತಾರೆ? ದೇವರಿರುವಾಗ ಮರಿಯಾ ಮಾತೆಗೆ ಯಾಕೆ ಪ್ರಾರ್ಥನೆ? ಭಾನುವಾರದ ಚರ್ಚಿನ ಪೂಜೆಗೂ ಇದಕ್ಕೂ ಏನು ಸಂಬಂಧ? ಕೊನೆಯ ಪ್ರಶ್ನೆಯಿಂದ ಶುರು ಮಾಡಿದರೆ ಉಳಿದವು ಸುಲಭವಾಗಿ ಬಿಡಿಸಿಕೊಳ್ಳುತ್ತವೆ.

## ಚರ್ಚ್ ಎಂಬ ಕಟ್ಟಡ, ಧರ್ಮಕೇಂದ್ರ ಎಂಬ ಜನ

ಕಥೋಲಿಕ ಧರ್ಮಸಭೆ ಜಗತ್ತಿನಾದ್ಯಂತ ಹರಡಿದೆ. ಅದರ ಸದಸ್ಯರು ಸುಮಾರು 140 ಕೋಟಿ. ಅಷ್ಟು ದೊಡ್ಡ ಸಭೆ ಒಬ್ಬ ವ್ಯಕ್ತಿಯ ಕೈಗೆ ಸಿಗುವುದು ಎರಡು ಹಂತಗಳಲ್ಲಿ ಇಳಿದು ಬಂದಾಗ. ಮೊದಲ ಹಂತ ಧರ್ಮಕ್ಷೇತ್ರ. ಒಂದು ಪ್ರದೇಶದ ಕಥೋಲಿಕರೆಲ್ಲ ಅದರೊಳಗೆ ಬರುತ್ತಾರೆ, ಅದರ ಹೊಣೆ ಧರ್ಮಾಧ್ಯಕ್ಷರದು, ಅಂದರೆ ಬಿಷಪ್‌ರದು. ಆ ಧರ್ಮಕ್ಷೇತ್ರವನ್ನು ಮತ್ತೆ ಚಿಕ್ಕ ಚಿಕ್ಕ ಭಾಗಗಳಾಗಿ ಮಾಡಿದರೆ ಸಿಗುವುದು ಧರ್ಮಕೇಂದ್ರ. ಅನೇಕರು ಪ್ಯಾರಿಷ್ ಎಂದೇ ಕರೆಯುತ್ತಾರೆ.

ಧರ್ಮಕೇಂದ್ರ ಎಂದರೆ ಚರ್ಚ್ ಕಟ್ಟಡ ಎಂದು ತಿಳಿಯುವುದು ಸಾಮಾನ್ಯ. ಆದರೆ 1983ರಲ್ಲಿ ಹೊರಬಂದ ಧರ್ಮಸಭೆಯ ಕಾನೂನು ಸಂಹಿತೆ ಹೇಳುವುದೇ ಬೇರೆ. ಅದರ ಪ್ರಕಾರ ಧರ್ಮಕೇಂದ್ರವೆಂದರೆ ಧರ್ಮಾಧ್ಯಕ್ಷರ ಅಧಿಕಾರದಡಿ ಒಬ್ಬ ಗುರುವಿನ, ಅಂದರೆ ಪಾದ್ರಿಯ, ಪಾಲನೆಗೆ ಒಪ್ಪಿಸಲಾದ, ಸ್ಥಿರವಾಗಿ ನೆಲೆಗೊಂಡ ಭಕ್ತರ ಸಮುದಾಯ. ಕಟ್ಟಡ ಸುಟ್ಟುಹೋದರೂ ಧರ್ಮಕೇಂದ್ರ ಉಳಿಯುತ್ತದೆ. ಸಾಮಾನ್ಯವಾಗಿ ಇದಕ್ಕೆ ಗಡಿಗಳಿರುತ್ತವೆ. ಗಡಿಯೊಳಗೆ ವಾಸಿಸುವ ಕಥೋಲಿಕರು ಯಾರೂ ಅರ್ಜಿ ಹಾಕದೆಯೇ ಆ ಧರ್ಮಕೇಂದ್ರಕ್ಕೆ ಸೇರಿದವರು. ಭಾಷೆ, ರಾಷ್ಟ್ರೀಯತೆ ಅಥವಾ ಪೂಜಾಪದ್ಧತಿಯ ಆಧಾರದ ಮೇಲೆ, ಗಡಿಯಿಲ್ಲದ ಧರ್ಮಕೇಂದ್ರಗಳನ್ನು ಮಾಡಲೂ ಅವಕಾಶವಿದೆ.

ಇದರ ಮುಖ್ಯಸ್ಥರು ಧರ್ಮಕೇಂದ್ರದ ಗುರು. ಪ್ರತಿ ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ತನ್ನ ಜನರಿಗಾಗಿಯೇ ಒಂದು ಬಲಿಪೂಜೆ (ಚರ್ಚಿನ ಮುಖ್ಯ ಪೂಜೆ) ಅರ್ಪಿಸಬೇಕು, ಕಾಯಿಲೆಯವರನ್ನು ನೋಡಿಕೊಳ್ಳಬೇಕು, ಕುಟುಂಬಗಳನ್ನು ಭೇಟಿಯಾಗಬೇಕು, ಧರ್ಮೋಪದೇಶ ನಡೆಸಬೇಕು. ಇವು ಅವರ ಇಷ್ಟಕ್ಕೆ ಬಿಟ್ಟದ್ದಲ್ಲ, ಕಾನೂನಿನಲ್ಲೇ ಬರೆದಿರುವ ಕರ್ತವ್ಯಗಳು. ಹಣಕಾಸನ್ನು ಅವರೊಬ್ಬರೇ ನೋಡುವಂತಿಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಭಕ್ತರ ಪಾಲನಾ ಸಮಿತಿ ಮಾತ್ರ ಧರ್ಮಾಧ್ಯಕ್ಷರ ತೀರ್ಮಾನಕ್ಕೆ ಬಿಟ್ಟದ್ದು, ಅದಕ್ಕಿರುವುದು ಸಲಹೆ ಕೊಡುವ ಅಧಿಕಾರ ಅಷ್ಟೆ.

ಹೊರಗಿನವರ ಕಣ್ಣಿಗೆ ಬೀಳದ, ಆದರೆ ಧರ್ಮಕೇಂದ್ರದ ಬದುಕಿನಲ್ಲಿ ತುಂಬ ಮುಖ್ಯವಾದ ಒಂದು ವಸ್ತುವಿದೆ: ದೀಕ್ಷಾಸ್ನಾನದ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ಸಂಸ್ಕಾರದ, ದಾಖಲೆ ಪುಸ್ತಕ. ಮಗುವಿಗೆ ದೀಕ್ಷಾಸ್ನಾನವಾದಾಗ ಹೆಸರು, ತಂದೆತಾಯಿ, ಜ್ಞಾನಪೋಷಕರು (ಗಾಡ್‌ಪೇರೆಂಟ್ಸ್), ದಿನ, ಸ್ಥಳ ಎಲ್ಲವನ್ನೂ ಅದರಲ್ಲಿ ಬರೆಯುತ್ತಾರೆ. ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಆ ವ್ಯಕ್ತಿಗೆ ದೃಢೀಕರಣವಾದರೆ (ವಿಶ್ವಾಸವನ್ನು ಗಟ್ಟಿಗೊಳಿಸುವ ಸಂಸ್ಕಾರ), ಮದುವೆಯಾದರೆ, ಗುರುದೀಕ್ಷೆ ಸಿಕ್ಕರೆ, ಅದು ಜಗತ್ತಿನ ಯಾವ ಮೂಲೆಯಲ್ಲೇ ಆಗಿರಲಿ, ಆ ಸುದ್ದಿ ಮೊದಲ ಧರ್ಮಕೇಂದ್ರಕ್ಕೆ ಹೋಗಿ ಅದೇ ನಮೂದಿನ ಪಕ್ಕದಲ್ಲಿ ಸೇರಬೇಕು. ಮದುವೆಗೆ ಮುಂಚೆ ಹಳೆಯ ಪ್ರಮಾಣಪತ್ರ ಕೈಯಲ್ಲಿದ್ದರೂ ಹೊಸ ಪ್ರತಿ ತನ್ನಿ ಎಂದು ಗುರುಗಳು ಕೇಳುವುದು ಇದಕ್ಕಾಗಿಯೇ. ಹಳೆಯ ಪ್ರತಿಯಲ್ಲಿ ಆಮೇಲಿನ ಸಂಗತಿಗಳು ಇರುವುದಿಲ್ಲ. ಹೊಸ ಪ್ರತಿಯಲ್ಲಿ ಈ ಹಿಂದೆ ಮದುವೆಯಾಗಿದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಇಂಥ ದಾಖಲೆಗಳನ್ನು ಧರ್ಮಸಭೆಯಾದ್ಯಂತ ಕಡ್ಡಾಯ ಮಾಡಿದ್ದು 1545ರಿಂದ 1563ರವರೆಗೆ ನಡೆದ ಟ್ರೆಂಟ್ ಮಹಾಸಭೆ. ಯುರೋಪಿನ ಅನೇಕ ಕುಟುಂಬಗಳ ವಂಶಾವಳಿ ಹುಡುಕುವವರು ಇಂದಿಗೂ ಮೊದಲು ತೆರೆಯುವುದು ಈ ಪುಸ್ತಕಗಳನ್ನೇ.

## ಬಲಿಪೂಜೆ ಬೇರೆ, ಜಪಸರ ಬೇರೆ

ಧರ್ಮಕೇಂದ್ರದ ನಡುಗಂಬ ಬಲಿಪೂಜೆ. ಯೇಸು ತಮ್ಮ ಕೊನೆಯ ಭೋಜನದಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಶಿಷ್ಯರಿಗೆ ಕೊಟ್ಟು, ನನ್ನ ನೆನಪಿಗಾಗಿ ಇದನ್ನು ಮಾಡಿ ಎಂದರು. ಅದನ್ನು ಪಾಲಿಸುವುದೇ ಬಲಿಪೂಜೆ ಎಂದು ಕಥೋಲಿಕರು ನಂಬುತ್ತಾರೆ. ಭಾನುವಾರ ಇದರಲ್ಲಿ ಪಾಲ್ಗೊಳ್ಳುವುದು ಕಥೋಲಿಕರಿಗೆ ಕರ್ತವ್ಯ. ಇದನ್ನು ಗುರುದೀಕ್ಷೆ ಪಡೆದವರು ಮಾತ್ರ ನಡೆಸಬಹುದು. ಅದರ ಪದಗಳು, ಕ್ರಮ, ಬಟ್ಟೆಯ ಬಣ್ಣ ಕೂಡ ಮೊದಲೇ ಗೊತ್ತುಪಡಿಸಿದಂಥವು.

ಜಪಸರ ಈ ಸಾಲಿಗೆ ಸೇರುವುದಿಲ್ಲ. ಅದು ದೀಕ್ಷಾಸ್ನಾನದಂಥ ಸಂಸ್ಕಾರವಲ್ಲ, ಕಡ್ಡಾಯವೂ ಅಲ್ಲ. ಜೀವಮಾನದಲ್ಲಿ ಒಮ್ಮೆಯೂ ಜಪಸರ ಮುಟ್ಟದ ವ್ಯಕ್ತಿಯೂ ಒಳ್ಳೆಯ ಕಥೋಲಿಕನಾಗಿರಬಹುದು. ಇದನ್ನು ಧರ್ಮಸಭೆ ಜನರ ಭಕ್ತಿಕ್ರಿಯೆ ಎಂದು ಕರೆಯುತ್ತದೆ. ನಡೆಸಲು ಗುರು ಬೇಕಿಲ್ಲ, ಪೀಠ ಬೇಕಿಲ್ಲ, ಪುಸ್ತಕ ಬೇಕಿಲ್ಲ. ಬಸ್ಸಿನಲ್ಲಿ ಕೂತು ಹೇಳಬಹುದು, ಅಡುಗೆಮನೆಯಲ್ಲಿ ನಿಂತು ಹೇಳಬಹುದು, ಅರ್ಧಕ್ಕೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದು. ಧರ್ಮಕೇಂದ್ರದ ಬದುಕಿನಲ್ಲಿ ಸಾಮಾನ್ಯ ಭಕ್ತರು ಯಾರ ಅಪ್ಪಣೆಗೂ ಕಾಯದೆ ತಾವೇ ಮುಂದೆ ನಿಂತು ನಡೆಸಿಕೊಂಡು ಬಂದದ್ದು ಯಾವುದು ಎಂದು ಕೇಳಿದರೆ, ನನ್ನ ಮಟ್ಟಿಗೆ ಮೊದಲ ಉತ್ತರ ಜಪಸರ.

ಎರಡರ ನಡುವಿನ ಗೆರೆ ಯಾವಾಗಲೂ ಇಷ್ಟು ಸ್ಪಷ್ಟವಾಗಿರಲಿಲ್ಲ. ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ, ಬಹುಪಾಲು ಗುರುವಿನ ಮೆಲುದನಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಆ ಭಾಷೆ ಬಾರದ ಜನ ಬೆಂಚುಗಳಲ್ಲಿ ಕೂತು ಜಪಸರ ಹೇಳಿಕೊಳ್ಳುತ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ ಪೂಜೆ ಜನರ ಭಾಷೆಗೆ ಬಂತು. 1974ರಲ್ಲಿ ಪೋಪ್ ಆರನೇ ಪೌಲರು, ಪೂಜೆ ನಡೆಯುವಾಗಲೇ ಜಪಸರ ಹೇಳುವುದು ತಪ್ಪು ಎಂದು ಬರೆದರು. ಜಪಸರ ಬೇಡ ಎಂದಲ್ಲ. ಪೂಜೆಗೆ ಮುಂಚೆಯೋ ಆಮೇಲೋ ಹೇಳಿ ಎಂದು. ಈಗ ಅನೇಕ ಧರ್ಮಕೇಂದ್ರಗಳಲ್ಲಿ ಪೂಜೆ ಶುರುವಾಗುವ ಅರ್ಧ ಗಂಟೆ ಮುಂಚೆ ಜಪಸರ ಕೇಳಿಬರುತ್ತದೆ.

## ಸರದ ಲೆಕ್ಕ

ಸಾಮಾನ್ಯ ಜಪಸರದಲ್ಲಿ 59 ಮಣಿಗಳು. ಒಂದು ಶಿಲುಬೆ, ಅದರಿಂದ ಹೊರಟ ಐದು ಮಣಿಗಳ ಪುಟ್ಟ ಬಾಲ, ಆ ಬಾಲ ಕೂಡುವಲ್ಲಿ ಒಂದು ಪದಕ, ಅಲ್ಲಿಂದ ಸುತ್ತು ಹೊಡೆದು ಮತ್ತೆ ಪದಕಕ್ಕೇ ಬಂದು ಸೇರುವ ವೃತ್ತ. ವೃತ್ತದಲ್ಲಿ ಹತ್ತು ಹತ್ತು ಮಣಿಗಳ ಐದು ಗುಂಪು. ಗುಂಪು ಗುಂಪಿನ ನಡುವೆ ಬಿಡಿಯಾಗಿ ಒಂದು ಮಣಿ. ಒಟ್ಟು 53 ಮಣಿಗಳಿಗೆ 'ನಮೋ ಮರಿಯಾ', ಆರು ಮಣಿಗಳಿಗೆ 'ಪರಲೋಕದಲ್ಲಿರುವ ನಮ್ಮ ತಂದೆಯೇ'.

ಶುರು ಮಾಡುವುದು ಶಿಲುಬೆಯಿಂದ. ಹಣೆ, ಎದೆ, ಎರಡು ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡು, ಶಿಲುಬೆಯನ್ನು ಹಿಡಿದೇ ವಿಶ್ವಾಸ ಸಂಗ್ರಹ ಹೇಳುತ್ತಾರೆ. ಕ್ರೈಸ್ತರು ಏನನ್ನು ನಂಬುತ್ತಾರೆ ಎಂಬುದರ ಚಿಕ್ಕ ಪಟ್ಟಿ ಅದು. ಬಾಲದ ಮೊದಲ ಮಣಿಗೆ ಪರಲೋಕ ಪ್ರಾರ್ಥನೆ. ಮುಂದಿನ ಮೂರಕ್ಕೆ ಮೂರು ನಮೋ ಮರಿಯಾ, ವಿಶ್ವಾಸ, ಭರವಸೆ, ಪ್ರೀತಿ ಹೆಚ್ಚಲಿ ಎಂದು. ಆಮೇಲೆ ಪಿತ, ಸುತ, ಪವಿತ್ರಾತ್ಮರಿಗೆ ಮಹಿಮೆ ಸಲ್ಲಿಸುವ ಪುಟ್ಟ ಪ್ರಾರ್ಥನೆ.

ಅಲ್ಲಿಂದ ನಿಜವಾದ ಜಪಸರ. ಮೊದಲ ರಹಸ್ಯವನ್ನು, ಅಂದರೆ ಧ್ಯಾನಿಸಬೇಕಾದ ಘಟನೆಯನ್ನು, ಗಟ್ಟಿಯಾಗಿ ಹೇಳುತ್ತಾರೆ, ಉದಾಹರಣೆಗೆ 'ಯೇಸುವಿನ ಜನನ'. ಬಿಡಿ ಮಣಿಗೆ ಒಂದು ಪರಲೋಕ ಪ್ರಾರ್ಥನೆ, ಹತ್ತು ಮಣಿಗಳಿಗೆ ಹತ್ತು ನಮೋ ಮರಿಯಾ, ಕೊನೆಗೆ ಮತ್ತೆ ಮಹಿಮೆಯ ಪ್ರಾರ್ಥನೆ. ಹೀಗೆ ಐದು ಸಲ. 1917ರಲ್ಲಿ ಪೋರ್ಚುಗಲ್‌ನ ಫಾತಿಮಾದಲ್ಲಿ ಮೂವರು ಮಕ್ಕಳಿಗೆ ಮರಿಯಾ ಮಾತೆ ದರ್ಶನವಿತ್ತು ಕಲಿಸಿದರೆಂದು ನಂಬಲಾದ ಒಂದು ಸಾಲಿನ ಪ್ರಾರ್ಥನೆಯನ್ನು ಪ್ರತಿ ಹತ್ತರ ಕೊನೆಗೆ ಸೇರಿಸುವವರೂ ಇದ್ದಾರೆ. ಐದು ಮುಗಿದ ಮೇಲೆ ಮರಿಯಾ ಮಾತೆಯನ್ನು ರಾಣಿ ಎಂದು ಕರೆಯುವ ಹಳೆಯ ಪ್ರಾರ್ಥನೆ. ಕೆಲವೆಡೆ ಅದಕ್ಕೂ ಮುಂದೆ ಹೋಗಿ ಲಿತಾನಿ ಹೇಳುತ್ತಾರೆ: ಒಬ್ಬರು ಮಾತೆಯ ಒಂದೊಂದೇ ಬಿರುದು ಕೂಗಿದಂತೆ ಉಳಿದವರು 'ನಮಗಾಗಿ ಪ್ರಾರ್ಥಿಸಿರಿ' ಎನ್ನುತ್ತಾರೆ. ಅವಸರವಿಲ್ಲದೆ ಹೇಳಿದರೆ ಐದು ರಹಸ್ಯಗಳಿಗೆ ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು.

ಮಣಿಗಳು ಯಾವುದರಿಂದ ಮಾಡಿದವು ಎಂಬುದಕ್ಕೆ ನಿಯಮವಿಲ್ಲ. ಮರ, ಗಾಜು, ಪ್ಲಾಸ್ಟಿಕ್, ಬೀಜ, ಬೆಳ್ಳಿ, ಗಂಟು ಹಾಕಿದ ದಾರ, ಎಲ್ಲವೂ ನಡೆಯುತ್ತದೆ. ಸೋವಿಯತ್ ಶಿಬಿರಗಳಲ್ಲಿದ್ದ ಕೈದಿಗಳು ತಮ್ಮ ಪಾಲಿನ ಬ್ರೆಡ್ಡನ್ನೇ ನಾದಿ ಮಣಿ ಮಾಡಿಕೊಂಡದ್ದುಂಟು. ಏನೂ ಇಲ್ಲದಿದ್ದರೆ ಹತ್ತು ಬೆರಳು.

## ಒಂದೇ ಮಾತು ಐವತ್ತು ಸಲ ಯಾಕೆ?

ಹೊರಗಿನವರಿಗೆ ಅತಿ ವಿಚಿತ್ರವಾಗಿ ಕಾಣುವುದು ಇದೇ. ಬೈಬಲ್ ಓದಿದವರಂತೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಾರ್ಥಿಸುವಾಗ ಬರೀ ಮಾತುಗಳನ್ನು ಪೇರಿಸಬೇಡಿ ಎಂದು ಯೇಸುವೇ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಹೇಳಿದ್ದಾರಲ್ಲ ಎಂದು ಕೇಳುತ್ತಾರೆ.

ಕಥೋಲಿಕರ ಉತ್ತರ ಹೀಗಿದೆ: ಅಲ್ಲಿ ಬೇಡವೆಂದಿರುವುದು ಹೆಚ್ಚು ಮಾತಾಡಿದರೆ ದೇವರು ಮಣಿಯುತ್ತಾನೆ ಎಂಬ ಭಾವನೆಯನ್ನು, ಮರುನುಡಿಯನ್ನಲ್ಲ. ಯೇಸು ಕೂಡ ಸಾವಿನ ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಅದೇ ಮಾತುಗಳನ್ನು ಮೂರು ಸಲ ಪ್ರಾರ್ಥಿಸಿದರೆಂದು ಮತ್ತಾಯನೇ ಬರೆಯುತ್ತಾನೆ. ಬೈಬಲ್ಲಿನ 136ನೇ ಕೀರ್ತನೆಯಲ್ಲಿ ಒಂದೇ ಸಾಲು 26 ಸಲ ಬರುತ್ತದೆ.

ಆದರೆ ಈ ವಾದಕ್ಕಿಂತ ಮುಖ್ಯವಾದದ್ದು ಜಪಸರ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದು. ಬಾಯಿ ಹೇಳುವುದು ಒಂದು, ಮನಸ್ಸು ನೋಡುವುದು ಇನ್ನೊಂದು. ಸಂಗೀತ ಕಚೇರಿಯಲ್ಲಿ ತಂಬೂರಿ ಒಂದೇ ಶ್ರುತಿಯನ್ನು ಮೀಟುತ್ತಲೇ ಇರುತ್ತದೆ. ಯಾರೂ ತಂಬೂರಿ ಕೇಳಲೆಂದು ಬಂದಿರುವುದಿಲ್ಲ, ಆದರೆ ಅದು ನಿಂತರೆ ಹಾಡು ನೆಲೆ ತಪ್ಪುತ್ತದೆ. ಜಪಸರದಲ್ಲಿ ನಮೋ ಮರಿಯಾ ಆ ತಂಬೂರಿ. ಹಾಡು ಎಂದರೆ ಆಯಾ ರಹಸ್ಯ, ಅಂದರೆ ಯೇಸುವಿನ ಬದುಕಿನ ಒಂದು ಘಟನೆ. ಹತ್ತು ನಮೋ ಮರಿಯಾ ಹೇಳುವಷ್ಟು ಹೊತ್ತು ಆ ಒಂದು ದೃಶ್ಯದ ಮುಂದೆ ಕೂತಿರಬೇಕು. ಈ ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹದಂತೆ ಎಂದು ಆರನೇ ಪೌಲರು ಎಚ್ಚರಿಸಿದ್ದು ಇದೇ ಕಾರಣಕ್ಕೆ.

ಮಣಿಗಳ ಕೆಲಸವೂ ಇಲ್ಲೇ ಇದೆ. ಎಷ್ಟನೆಯದು ಎಂದು ಲೆಕ್ಕ ಇಡುವ ಹೊರೆಯನ್ನು ಮನಸ್ಸಿನಿಂದ ಬೆರಳಿಗೆ ದಾಟಿಸುವುದು. ಮಣಿ ಹಿಡಿದು ಜಪಿಸುವುದು ಕಥೋಲಿಕರೊಬ್ಬರ ಕಂಡುಹಿಡಿತವೇನಲ್ಲ. ಹಿಂದೂಗಳ, ಬೌದ್ಧರ 108 ಮಣಿಗಳ ಮಾಲೆ, ಮುಸ್ಲಿಮರ 33 ಅಥವಾ 99 ಮಣಿಗಳ ತಸ್ಬಿ, ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರ ಗಂಟು ಹಾಕಿದ ದಾರ, ಎಲ್ಲವೂ ಬೆರಳಿಗೆ ಅದೇ ಕೆಲಸ ಕೊಡುತ್ತವೆ. ಜಪಸರವನ್ನು ಬೇರೆ ಮಾಡುವುದು ಅದರೊಳಗೆ ಕ್ರಮವಾಗಿ ಸಾಗುವ ಕಥೆ.

ಎಲ್ಲರಿಗೂ ಇದು ಸಲೀಸಾಗಿ ಒಲಿಯುತ್ತದೆ ಎಂದೇನೂ ಇಲ್ಲ. ಸಂತೆಯಾಗಿ ಜಗತ್ತಿಗೇ ಪರಿಚಿತಳಾದ ಫ್ರಾನ್ಸಿನ ಲಿಸ್ಯೂವಿನ ತೆರೇಸಾ, ಒಬ್ಬಳೇ ಕೂತು ಜಪಸರ ಹೇಳುವಾಗ ಮನಸ್ಸು ನಿಲ್ಲುವುದೇ ಇಲ್ಲವೆಂದು ಬರೆದುಕೊಂಡಿದ್ದಾಳೆ. ಮನಸ್ಸು ಅಲೆದಾಡುವ ಸಾಮಾನ್ಯ ಭಕ್ತರಿಗೆ ಇದು ದೊಡ್ಡ ಸಮಾಧಾನ.

## ಇಪ್ಪತ್ತು ರಹಸ್ಯಗಳು

ಇಲ್ಲಿ ರಹಸ್ಯ ಎಂದರೆ ಬಚ್ಚಿಟ್ಟ ಸಂಗತಿಯಲ್ಲ, ಎಷ್ಟು ಧ್ಯಾನಿಸಿದರೂ ಮುಗಿಯದ್ದು. ಐದೈದರ ನಾಲ್ಕು ಗುಂಪು, ಪ್ರತಿ ಗುಂಪಿಗೂ ವಾರದ ದಿನಗಳು.

ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು: ದೇವದೂತ ಗಬ್ರಿಯೇಲ ಮರಿಯಾಗೆ ಸಂದೇಶ ತಂದದ್ದು, ಮರಿಯಾ ತನ್ನ ಬಂಧು ಎಲಿಜಬೇತಳನ್ನು ನೋಡಲು ಹೋದದ್ದು, ಯೇಸುವಿನ ಜನನ, ಮಗುವನ್ನು ದೇವಾಲಯದಲ್ಲಿ ಅರ್ಪಿಸಿದ್ದು, ಹನ್ನೆರಡು ವರ್ಷದ ಬಾಲಕ ಕಳೆದುಹೋಗಿ ದೇವಾಲಯದಲ್ಲಿ ಸಿಕ್ಕಿದ್ದು. ಮಂಗಳವಾರ ಮತ್ತು ಶುಕ್ರವಾರ ದುಃಖದ ರಹಸ್ಯಗಳು: ಗೆತ್ಸೆಮನೆಯ ಸಂಕಟ, ಕೊರಡೆಯ ಏಟು, ಮುಳ್ಳಿನ ಕಿರೀಟ, ಶಿಲುಬೆ ಹೊತ್ತ ದಾರಿ, ಶಿಲುಬೆಯ ಮರಣ. ಬುಧವಾರ ಮತ್ತು ಭಾನುವಾರ ಮಹಿಮೆಯ ರಹಸ್ಯಗಳು: ಪುನರುತ್ಥಾನ, ಸ್ವರ್ಗಾರೋಹಣ, ಶಿಷ್ಯರ ಮೇಲೆ ಪವಿತ್ರಾತ್ಮರು ಇಳಿದದ್ದು, ಮರಿಯಾ ಮಾತೆ ಸ್ವರ್ಗಕ್ಕೆ ಸೇರಿದ್ದು, ಅಲ್ಲಿ ರಾಣಿಯಾಗಿ ಕಿರೀಟ ಪಡೆದದ್ದು.

ಉಳಿದ ಗುರುವಾರಕ್ಕೆ ಒಂದು ಕಥೆಯಿದೆ. ಮೇಲಿನ ಪಟ್ಟಿ ನೋಡಿ: ಹನ್ನೆರಡು ವರ್ಷದ ಬಾಲಕನಿಂದ ನೇರ ಗೆತ್ಸೆಮನೆಗೆ ಜಿಗಿತ. ಯೇಸು ಊರೂರು ತಿರುಗಿ ಬೋಧಿಸಿದ ವರ್ಷಗಳೇ ಅದರಲ್ಲಿಲ್ಲ. ಶತಮಾನಗಳ ಕಾಲ ಜಪಸರ ಹೀಗೇ ಇತ್ತು. 2002ರ ಅಕ್ಟೋಬರ್ 16ರಂದು ಪೋಪ್ ಎರಡನೇ ಜಾನ್ ಪಾಲ್ ಆ ನಡುವಿನ ಭಾಗ ತುಂಬಲು ಬೆಳಕಿನ ರಹಸ್ಯಗಳನ್ನು ಮುಂದಿಟ್ಟರು: ಜೋರ್ಡಾನ್ ನದಿಯಲ್ಲಿ ಯೇಸುವಿನ ದೀಕ್ಷಾಸ್ನಾನ, ಕಾನಾ ಊರಿನ ಮದುವೆ, ದೇವರ ರಾಜ್ಯದ ಬೋಧನೆ, ಬೆಟ್ಟದ ಮೇಲೆ ರೂಪಾಂತರ, ಪರಮಪ್ರಸಾದದ (ಬಲಿಪೂಜೆಯ ರೊಟ್ಟಿ, ದ್ರಾಕ್ಷಾರಸದ) ಸ್ಥಾಪನೆ. ಅದುವರೆಗೆ ಗುರುವಾರ ಹೇಳುತ್ತಿದ್ದ ಸಂತೋಷದ ರಹಸ್ಯಗಳು ಶನಿವಾರಕ್ಕೆ ಸರಿದವು. ಇದು ಆದೇಶವಲ್ಲ, ಸಲಹೆ. ಹಳೆಯ ಹದಿನೈದನ್ನೇ ಇಂದಿಗೂ ಹೇಳುವವರಿದ್ದಾರೆ, ಮತ್ತು ಅವರ ಬಳಿ ಒಂದು ಕಾರಣವೂ ಇದೆ. ಅದು ಗೊತ್ತಾಗಲು ಜಪಸರ ಹುಟ್ಟಿದ ಬಗೆ ನೋಡಬೇಕು.

## ಓದು ಬಾರದವರ ಕೀರ್ತನೆ

ಮಧ್ಯಯುಗದ ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು ಬೈಬಲ್ಲಿನ 150 ಕೀರ್ತನೆಗಳನ್ನು ವಾರಕ್ಕೊಮ್ಮೆ ಪೂರ್ತಿ ಹಾಡುತ್ತಿದ್ದರು. ಮಠದೊಳಗೇ ಇದ್ದ, ಆದರೆ ಲ್ಯಾಟಿನ್ ಓದಲು ಬಾರದ ಸಹೋದರರು ಏನು ಮಾಡಬೇಕು? ಅವರಿಗೆ 150 ಪರಲೋಕ ಪ್ರಾರ್ಥನೆಗಳು. ಕೆಲಸಗಾರರೂ ರೈತರೂ ಇದನ್ನೇ ಅನುಸರಿಸಿದರು. ಎಣಿಸಲು ದಾರಕ್ಕೆ ಗಂಟು ಬಂತು, ಆಮೇಲೆ ಮಣಿ. ಕ್ರಮೇಣ ಪರಲೋಕ ಪ್ರಾರ್ಥನೆಯ ಜಾಗದಲ್ಲಿ ನಮೋ ಮರಿಯಾ ಹೆಚ್ಚಾಯಿತು. ಹದಿನೈದು ರಹಸ್ಯ, ಒಂದೊಂದಕ್ಕೆ ಹತ್ತು, ಒಟ್ಟು 150: ಜಪಸರ ಎಂದರೆ ಬಡವರ ಕೀರ್ತನೆ ಪುಸ್ತಕ. ಇಪ್ಪತ್ತು ರಹಸ್ಯಗಳಾದರೆ 200 ಆಗಿ ಈ ಹಳೆಯ ಲೆಕ್ಕ ತಪ್ಪುತ್ತದೆ ಎಂಬುದೇ ಹಳೆಯ ಕ್ರಮ ಬಿಡದವರ ಮಾತು.

ಸಂಪ್ರದಾಯ ಬೇರೊಂದು ಕಥೆ ಹೇಳುತ್ತದೆ: 13ನೇ ಶತಮಾನದ ಆರಂಭದಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಬೋಧಿಸುತ್ತಿದ್ದ ಸಂತ ದೊಮಿನಿಕರಿಗೆ ಮರಿಯಾ ಮಾತೆಯೇ ಜಪಸರ ಕೊಟ್ಟರೆಂದು. ಎಷ್ಟೋ ಚರ್ಚ್‌ಗಳ ಪೀಠದ ಮೇಲೆ ಈ ದೃಶ್ಯದ ಚಿತ್ರವಿದೆ. ಆದರೆ ದೊಮಿನಿಕರ ಕಾಲದ ದಾಖಲೆಗಳಲ್ಲಿ ಇದರ ಸುಳಿವಿಲ್ಲ. ಕಥೆ ಹರಡಿದ್ದು 15ನೇ ಶತಮಾನದಲ್ಲಿ, ಅಲಾನ್ ದೆ ಲಾ ರೋಶ್ ಎಂಬ ದೊಮಿನಿಕನ್ ಸಭೆಯ ಬೋಧಕರ ಮೂಲಕ. ಅದೇ ಶತಮಾನದಲ್ಲಿ, ಇಂದಿನ ಜರ್ಮನಿಯ ಟ್ರಿಯರ್‌ನಲ್ಲಿ ಪ್ರಷ್ಯಾದ ದೊಮಿನಿಕ್ ಎಂಬ ಸನ್ಯಾಸಿ 50 ನಮೋ ಮರಿಯಾಗಳಿಗೆ ಯೇಸುವಿನ ಬದುಕಿನ 50 ಸಂಗತಿಗಳನ್ನು ಜೋಡಿಸಿದ್ದರು. 1475ರಲ್ಲಿ ಕಲೋನ್‌ನಲ್ಲಿ ಜಪಸರದ ಬಳಗ ಶುರುವಾಯಿತು. ಬಡವ ಬಲ್ಲಿದ, ಹೆಣ್ಣು ಗಂಡು ಎನ್ನದೆ ಯಾರು ಬೇಕಾದರೂ ಹೆಸರು ಬರೆಸಬಹುದಾಗಿದ್ದ ಆ ಬಳಗಕ್ಕೆ ಸದಸ್ಯತ್ವದ ಹಣವೂ ಇರಲಿಲ್ಲ.

ಹೀಗೆ ಜನರೊಳಗೆ ಬೆಳೆದದ್ದಕ್ಕೆ ಅಧಿಕೃತ ಮುದ್ರೆ ಬಿದ್ದದ್ದು ತಡವಾಗಿ. 1569ರಲ್ಲಿ ಪೋಪ್ ಐದನೇ ಪಿಯುಸ್ ಜಪಸರದ ರೂಪವನ್ನು ಅಂಗೀಕರಿಸಿದರು. 1571ರ ಅಕ್ಟೋಬರ್ 7ರಂದು ಲೆಪಾಂಟೊ ಬಳಿಯ ಸಮುದ್ರಯುದ್ಧದಲ್ಲಿ ಕಥೋಲಿಕ ಒಕ್ಕೂಟದ ಹಡಗುಪಡೆ ಆಟೊಮನ್ ನೌಕಾಪಡೆಯನ್ನು ಸೋಲಿಸಿತು. ಆ ದಿನ ರೋಮ್‌ನಲ್ಲಿ ಜಪಸರ ಬಳಗಗಳು ಮೆರವಣಿಗೆಯಲ್ಲಿ ಪ್ರಾರ್ಥಿಸುತ್ತಿದ್ದವು. ಗೆಲುವು ಅದರ ಫಲವೆಂದು ಪೋಪ್ ನಂಬಿದರು. ಅಕ್ಟೋಬರ್ 7 ಇಂದಿಗೂ ಜಪಸರ ಮಾತೆಯ ಹಬ್ಬವಾಗಿರುವುದು ಈ ಯುದ್ಧದಿಂದಾಗಿ. ಶಾಂತಿಗಾಗಿ ಹೇಳುವ ಪ್ರಾರ್ಥನೆಯ ಹಬ್ಬ ಒಂದು ಯುದ್ಧದ ನೆನಪಿಗೆ ಅಂಟಿಕೊಂಡಿರುವುದು ಇತಿಹಾಸದ ಒಂದು ತಮಾಷೆ. ಅಕ್ಟೋಬರ್ ತಿಂಗಳಿಡೀ ಜಪಸರದ ತಿಂಗಳಾದದ್ದು 1883ರಲ್ಲಿ, ಹದಿಮೂರನೇ ಲಿಯೋ ಕರೆಯಿಂದ. ಅವರು ಜಪಸರದ ಬಗ್ಗೆಯೇ ಹತ್ತಕ್ಕೂ ಹೆಚ್ಚು ವಿಶ್ವಪತ್ರಗಳನ್ನು, ಅಂದರೆ ಇಡೀ ಧರ್ಮಸಭೆಗೆ ಪೋಪ್ ಕಳಿಸುವ ಪತ್ರಗಳನ್ನು, ಬರೆದರು. ಈಗಿನ ಪೋಪ್ ಆರಿಸಿಕೊಂಡದ್ದು ಅವರದೇ ಹೆಸರನ್ನು, ಅದಕ್ಕೆ ಕೊಟ್ಟ ಮುಖ್ಯ ಕಾರಣ ಹದಿಮೂರನೇ ಲಿಯೋ ಕಾರ್ಮಿಕರ ಬಗ್ಗೆ ಬರೆದದ್ದಾದರೂ.

## ಇದು ಮರಿಯಾ ಮಾತೆಯ ಆರಾಧನೆಯೇ?

ನಮೋ ಮರಿಯಾ ಪ್ರಾರ್ಥನೆಯನ್ನು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಮೊದಲರ್ಧ ಪೂರ್ತಿ ಲೂಕನ ಶುಭಸಂದೇಶದ ಮೊದಲ ಅಧ್ಯಾಯದಿಂದ ಬಂದದ್ದು. ಒಂದು ಸಾಲು ದೇವದೂತ ಗಬ್ರಿಯೇಲನ ವಂದನೆ, ಇನ್ನೊಂದು ಎಲಿಜಬೇತಳು ಮರಿಯಾಳನ್ನು ಕಂಡು ಆಡಿದ ಹರಸುವ ಮಾತು. ಅದಕ್ಕೆ ಯೇಸುವಿನ ಹೆಸರನ್ನು ಸೇರಿಸಲಾಗಿದೆ, ಇಡೀ ಪ್ರಾರ್ಥನೆಯ ನಡುವಿಗೆ ಬರುವುದೂ ಆ ಹೆಸರೇ. ಎರಡನೆಯ ಅರ್ಧ ಧರ್ಮಸಭೆಯ ಸೇರ್ಪಡೆ; ಈಗಿರುವ ರೂಪ ನೆಲೆಗೊಂಡದ್ದು 1568ರ ಹೊತ್ತಿಗೆ. ಅದರಲ್ಲಿ ಕೇಳುವುದು ಒಂದನ್ನೇ: ಪಾಪಿಗಳಾದ ನಮಗಾಗಿ ಈಗಲೂ ನಮ್ಮ ಮರಣದ ಹೊತ್ತಿನಲ್ಲೂ ಪ್ರಾರ್ಥಿಸಿ. ಅಂದರೆ ಪ್ರಾರ್ಥನೆಯ ಕೊನೆ ನಿಲ್ದಾಣ ಮರಿಯಾ ಅಲ್ಲ. ದೇವರ ಬಳಿ ನಮಗಾಗಿ ಬೇಡಿಕೊಳ್ಳಿ ಎಂಬ ಕೋರಿಕೆ.

ಕಥೋಲಿಕ ಬೋಧನೆಯಲ್ಲಿ ಆರಾಧನೆ ದೇವರಿಗೆ ಮಾತ್ರ. ಸಂತರಿಗೆ ಸಲ್ಲುವುದು ಗೌರವ. ಯೇಸುವಿನ ತಾಯಿಯಾದ್ದರಿಂದ ಮರಿಯಾಗೆ ಸಲ್ಲುವುದು ಉಳಿದ ಸಂತರಿಗಿಂತ ಹೆಚ್ಚಿನ ಗೌರವ, ಆದರೂ ಅದು ಆರಾಧನೆಯಲ್ಲ. ತೀರಿಹೋದವರನ್ನು ನಮಗಾಗಿ ಪ್ರಾರ್ಥಿಸಿ ಎಂದು ಕೇಳುವುದನ್ನು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಹುಪಾಲು ಒಪ್ಪುವುದಿಲ್ಲ. ಮಹಿಮೆಯ ಕೊನೆಯ ಎರಡು ರಹಸ್ಯಗಳು ಬೈಬಲ್ಲಿನಲ್ಲಿ ನೇರವಾಗಿ ಇಲ್ಲ ಎಂಬುದೂ ಅವರ ಆಕ್ಷೇಪ. ಮರಿಯಾ ದೇಹಸಮೇತ ಸ್ವರ್ಗ ಸೇರಿದರೆಂಬುದನ್ನು ಪೋಪ್ ಹನ್ನೆರಡನೇ ಪಿಯುಸ್ ವಿಶ್ವಾಸದ ಸತ್ಯವೆಂದು ಘೋಷಿಸಿದ್ದು 1950ರಲ್ಲಿ, ಬಹು ಹಳೆಯ ಸಂಪ್ರದಾಯವನ್ನು ಆಧಾರವಾಗಿಟ್ಟುಕೊಂಡು. ಭಿನ್ನಾಭಿಪ್ರಾಯ ಇಂದಿಗೂ ಹಾಗೇ ಇದೆ.

## ಗುರುವಿಲ್ಲದ ಕಡೆ

ಗುಂಪಿನಲ್ಲಿ ಜಪಸರ ಹೇಳುವಾಗ ಪ್ರಾರ್ಥನೆ ಎರಡು ತುಂಡಾಗುತ್ತದೆ. ಮುನ್ನಡೆಸುವವರು ಮೊದಲರ್ಧ ಹೇಳುತ್ತಾರೆ, ಉಳಿದವರು ಎರಡನೆಯ ಅರ್ಧವನ್ನು. ಒಂದೊಂದು ಹತ್ತನ್ನು ಒಬ್ಬೊಬ್ಬರು ಮುನ್ನಡೆಸುವುದೂ ಉಂಟು. ಅಜ್ಜಿಯೂ ಆಗಬಹುದು, ಆಗಷ್ಟೇ ಬಾಯಿಪಾಠ ಮಾಡಿದ ಮಗುವೂ ಆಗಬಹುದು. ಸಾವಾದ ಮನೆಯಲ್ಲಿ ಅಂತ್ಯಕ್ರಿಯೆಗೆ ಮುಂಚೆ ನೆರೆಯವರು ಸೇರಿ ಜಪಸರ ಹೇಳುತ್ತಾರೆ. ಏನು ಸಮಾಧಾನ ಹೇಳಬೇಕೆಂದು ತೋಚದ ಹೊತ್ತಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತುಗಳು ಸಿದ್ಧವಾಗಿರುವುದು ಸಣ್ಣ ಅನುಕೂಲವೇನಲ್ಲ. 1921ರಲ್ಲಿ ಡಬ್ಲಿನ್‌ನಲ್ಲಿ ಫ್ರಾಂಕ್ ಡಫ್ ಎಂಬ ಸಾಮಾನ್ಯ ಭಕ್ತರು ಕಟ್ಟಿದ ಮರಿಯಾ ಸೇನೆಯ ಸದಸ್ಯರು ವಾರದ ಸಭೆಯಲ್ಲಿ ಜಪಸರ ಹೇಳಿ, ರೋಗಿಗಳ, ಒಂಟಿಯಾಗಿರುವವರ ಮನೆಗೆ ಯಾರು ಹೋಗಬೇಕೆಂದು ಹಂಚಿಕೊಳ್ಳುತ್ತಾರೆ. ಧರ್ಮಕೇಂದ್ರದ ಗುರುವಿಗೆ ಯಾವ ಮನೆಯಲ್ಲಿ ಕಷ್ಟವಿದೆ ಎಂದು ತಿಳಿಯುವುದು ಎಷ್ಟೋ ಸಲ ಇಂಥ ಗುಂಪುಗಳಿಂದ.

ಈ ಪ್ರಾರ್ಥನೆಯ ಶಕ್ತಿ ಎಷ್ಟೆಂದು ಕಾಣುವುದು ಧರ್ಮಕೇಂದ್ರವೇ ಇಲ್ಲವಾದ ಕಡೆ. ಜಪಾನಿನಲ್ಲಿ 1614ರಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿ ಬೋಧಕರನ್ನು ಹೊರಹಾಕಲಾಯಿತು. ಉಳಿದ ಗುರುಗಳನ್ನು ಕೆಲವು ದಶಕಗಳಲ್ಲಿ ಹುಡುಕಿ ಕೊಂದರು. ಆಮೇಲೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಬಲಿಪೂಜೆಯಿಲ್ಲ, ಪರಮಪ್ರಸಾದವಿಲ್ಲ. ಗುಪ್ತ ಕ್ರೈಸ್ತರ ಹಳ್ಳಿಗಳಲ್ಲಿ ಒಬ್ಬರು ಹಬ್ಬಗಳ ಪಂಚಾಂಗ ನೋಡಿಕೊಂಡರು, ಒಬ್ಬರು ದೀಕ್ಷಾಸ್ನಾನ ಕೊಟ್ಟರು, ಪ್ರಾರ್ಥನೆಗಳು ಬಾಯಿಂದ ಬಾಯಿಗೆ ದಾಟಿದವು. ಒಸಾಕಾ ಬಳಿಯ ಇಬಾರಾಕಿಯ ಬೆಟ್ಟದ ಹಳ್ಳಿಗಳ ಮನೆಗಳಲ್ಲಿ 20ನೇ ಶತಮಾನದಲ್ಲಿ ಆ ಕಾಲದ ಚಿತ್ರಗಳು ಸಿಕ್ಕವು: ನಡುವೆ ಮಗುವನ್ನೆತ್ತಿಕೊಂಡ ಮರಿಯಾ, ಸುತ್ತಲೂ ಚಿಕ್ಕ ಚೌಕಗಳಲ್ಲಿ ಜಪಸರದ ಹದಿನೈದು ರಹಸ್ಯಗಳು. 1865ರ ಮಾರ್ಚ್ 17ರಂದು, ನಾಗಸಾಕಿಯ ಓಉರಾದಲ್ಲಿ ವಿದೇಶಿಯರಿಗಾಗಿ ಹೊಸದಾಗಿ ಕಟ್ಟಿದ ಚರ್ಚಿಗೆ ಉರಕಾಮಿ ಹಳ್ಳಿಯ ಕೆಲವರು ಬಂದರು. ಅಲ್ಲಿದ್ದ ಫ್ರೆಂಚ್ ಗುರು ಪೆತಿಜಾನ್ ಅವರಲ್ಲಿ ಒಬ್ಬ ಹೆಂಗಸು ಮೆಲ್ಲಗೆ ಹೇಳಿದ್ದು, ನಮ್ಮೆಲ್ಲರ ಹೃದಯ ನಿಮ್ಮ ಹೃದಯದಂತೆಯೇ ಎಂದು. ಕೇಳಿದ್ದು, ಸಾಂತಾ ಮರಿಯಾಳ ಪ್ರತಿಮೆ ಎಲ್ಲಿದೆ ಎಂದು.

## ಜನ ಕೇಳುವ ಇನ್ನಷ್ಟು

ಜಪಸರವನ್ನು ಕೊರಳಿಗೆ ಹಾಕಿಕೊಳ್ಳಬಹುದೇ? ನಿಷೇಧವಿಲ್ಲ. ಭಕ್ತಿಯಿಂದ ಹಾಕಿಕೊಳ್ಳುವವರಿದ್ದಾರೆ, ಕೆಲವು ಸನ್ಯಾಸ ಸಭೆಯವರು ಸೊಂಟಕ್ಕೆ ತೂಗಿಸಿಕೊಳ್ಳುತ್ತಾರೆ. ಬರೀ ಆಭರಣವಾಗಿ ಬಳಸಿದರೆ ಮಾತ್ರ ಅನೇಕ ಭಕ್ತರಿಗೆ ನೋವಾಗುತ್ತದೆ. ಕಾರಿನ ಕನ್ನಡಿಗೆ ತೂಗಿಬಿಟ್ಟದ್ದು ಅಪಘಾತ ತಡೆಯುವ ತಾಯಿತವೆಂಬ ನಂಬಿಕೆಯನ್ನು ಧರ್ಮಸಭೆ ಒಪ್ಪುವುದಿಲ್ಲ.

ಗುರುಗಳ ಕೈಯಲ್ಲಿ ಆಶೀರ್ವಾದ ಮಾಡಿಸಲೇಬೇಕೇ? ಬೇಕೆಂದೇನಿಲ್ಲ, ಪ್ರಾರ್ಥನೆ ಪ್ರಾರ್ಥನೆಯೇ. ಆದರೆ ಹೆಚ್ಚಿನವರು ಮಾಡಿಸುತ್ತಾರೆ. ಹಾಗೆ ಆಶೀರ್ವದಿಸಿದ ಸರ ಹರಿದು ಸರಿಮಾಡಲಾಗದಂತಾದರೆ ಕಸಕ್ಕೆ ಎಸೆಯುವುದಿಲ್ಲ. ಸುಡುತ್ತಾರೆ ಇಲ್ಲವೇ ಮಣ್ಣಿನಲ್ಲಿ ಹೂಳುತ್ತಾರೆ.

ಅದೇ ಮಣಿಗಳ ಮೇಲೆ ಬೇರೆ ಪ್ರಾರ್ಥನೆ ಕೇಳಿದೆನಲ್ಲ ಎನ್ನುವವರಿಗೆ: ಅದು ಬಹುಶಃ ದೈವಿಕ ಕರುಣೆಯ ಜಪ. ಪೋಲೆಂಡಿನ ಸನ್ಯಾಸಿನಿ ಫೌಸ್ತಿನಾ 1935ರಲ್ಲಿ ಬರೆದಿಟ್ಟದ್ದು. ಅದರಲ್ಲಿ ರಹಸ್ಯಗಳಿಲ್ಲ, ಪ್ರಾರ್ಥನೆಗಳೂ ಬೇರೆ, ಸಮಯವೂ ಕಡಿಮೆ ಸಾಕು.

ಕಥೋಲಿಕರಲ್ಲದವರು ಜಪಸರದಲ್ಲಿ ಕೂರಬಹುದೇ? ಧಾರಾಳವಾಗಿ. ಬಲಿಪೂಜೆಯಲ್ಲಿ ಪರಮಪ್ರಸಾದ ಪಡೆಯಲು ಕಥೋಲಿಕರಾಗಿರಬೇಕೆಂಬ ನಿಯಮವಿದೆ, ಜಪಸರಕ್ಕೆ ಅಂಥದ್ದೇನೂ ಇಲ್ಲ. ಉತ್ತರ ಹೇಳಲು ಬಾರದಿದ್ದರೆ ಸುಮ್ಮನೆ ಕೂತಿದ್ದರೂ ಆಯಿತು. ಮೂರನೆಯ ಹತ್ತು ಮುಗಿಯುವ ಹೊತ್ತಿಗೆ ಪ್ರಾರ್ಥನೆ ಮುಕ್ಕಾಲು ಪಾಲು ಬಾಯಿಗೆ ಬಂದಿರುತ್ತದೆ.